ಹಲ್ಲುನೋವು ಬಂದಾಗ ಏನನ್ನು ಗಮನಿಸಬೇಕು, ಯಾವ ಚಿಕಿತ್ಸೆ ಕೇಳಬೇಕು

ಹಲ್ಲು ನೋಯತೊಡಗಿದಾಗ, ನೋವು ಎಷ್ಟು ತೀವ್ರವಾಗಿದೆ ಎಂಬುದಕ್ಕಿಂತ ಅದು ಯಾವಾಗ ಬರುತ್ತದೆ, ಎಷ್ಟು ಹೊತ್ತು ಉಳಿಯುತ್ತದೆ ಎಂಬುದನ್ನು ಮೊದಲು ಗಮನಿಸಬೇಕು. ತಣ್ಣೀರು ತಾಗಿದೊಡನೆ ಜುಮ್ಮೆಂದು, ಕೆಲವೇ ಕ್ಷಣಗಳಲ್ಲಿ ಶಮನವಾಗುವ ನೋವಾದರೆ ಒಳಗಿನ ನರ ಇನ್ನೂ ಉಳಿಯುವ ಸ್ಥಿತಿಯಲ್ಲಿರುವ ಸಂಭವ ಹೆಚ್ಚು. ಅಂಥಲ್ಲಿ ಹುಳುಕನ್ನು ಕೆರೆದು ತೆಗೆದು ಫಿಲ್ಲಿಂಗ್ ಮಾಡಿದರೆ ಸಾಮಾನ್ಯವಾಗಿ ಸಾಕಾಗುತ್ತದೆ. ಬಿಸಿ ಕಾಫಿ ಕುಡಿದ ಮೇಲೆ ನೋವು ನಿಮಿಷಗಟ್ಟಲೆ ಉಳಿದರೆ, ರಾತ್ರಿ ನಿದ್ದೆಯಿಂದ ಎಬ್ಬಿಸಿದರೆ, ನರಕ್ಕೆ ಚೇತರಿಸಿಕೊಳ್ಳಲಾಗದಷ್ಟು ಹಾನಿಯಾಗಿದೆ ಎಂದು ವೈದ್ಯರು ಶಂಕಿಸುತ್ತಾರೆ.

ಇಂಥ ನೋವು ಕೆಲವೊಮ್ಮೆ ತಾನಾಗಿಯೇ ನಿಂತುಬಿಡುತ್ತದೆ. ಅದನ್ನು ಗುಣವೆಂದು ದಯವಿಟ್ಟು ಭಾವಿಸಬೇಡಿ. ನರ ಸತ್ತಿದ್ದರಿಂದ ನೋವು ನಿಂತಿರಬಹುದು, ಸೋಂಕು ಮಾತ್ರ ಬೇರಿನ ತುದಿಯನ್ನು ದಾಟಿ ಮೂಳೆಯತ್ತ ಸಾಗುತ್ತಿರುತ್ತದೆ. ಲವಂಗದ ಎಣ್ಣೆಯೂ ನೋವಿನ ಮಾತ್ರೆಯೂ ಒಂದೆರಡು ದಿನ ದಾಟಿಸುತ್ತವೆಯೇ ಹೊರತು ಹುಳುಕನ್ನು ವಾಸಿಮಾಡುವುದಿಲ್ಲ, ಅಂಗಡಿಯಿಂದ ತಾವೇ ಕೇಳಿ ತಂದ ಆಂಟಿಬಯೋಟಿಕ್ ಕೂಡ ಮಾಡುವುದಿಲ್ಲ. ಆಸ್ಪಿರಿನ್ ಮಾತ್ರೆಯನ್ನು ಒಸಡಿನ ಮೇಲಿಟ್ಟರೆ ಒಸಡು ಸುಡುತ್ತದೆ.

ರೂಟ್ ಕೆನಾಲ್ ಎಂದರೆ ಅನೇಕರು ಹೆದರುತ್ತಾರೆ. ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, ಸೋಂಕು ತಗಲಿದ ನರವನ್ನು ತೆಗೆದು, ಬೇರಿನ ಕಾಲುವೆಗಳನ್ನು ಶುಚಿಗೊಳಿಸಿ ಮುಚ್ಚುವುದೇ ಈ ಚಿಕಿತ್ಸೆ. ಬಳಿಕ ದವಡೆ ಹಲ್ಲಿಗೆ ಕ್ಯಾಪ್ ಹಾಕಿಸುವುದನ್ನು ಹಣದ ಕಾರಣಕ್ಕೆ ಮುಂದೂಡುವವರು ಬಹಳ ಮಂದಿ. ಆದರೆ ನರ ತೆಗೆಯಲು ಕೊರೆದ ಹಲ್ಲು ದುರ್ಬಲವಾಗಿರುವುದರಿಂದ, ಅಗಿಯುವಾಗ ಸೀಳಿಹೋದರೆ ಹಿಂದಿನ ಖರ್ಚೂ ವ್ಯರ್ಥವಾಗುತ್ತದೆ. ದಂತ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ಇದೇ ಚಿಕಿತ್ಸೆ ಸಾಮಾನ್ಯವಾಗಿ ಕಡಿಮೆ ವೆಚ್ಚದಲ್ಲಿ ದೊರೆಯುತ್ತದೆ. ಹಲ್ಲು ಕೀಳಿಸುವುದೇ ಅಗ್ಗವೆಂದು ತೋರಿದರೂ, ಖಾಲಿ ಜಾಗಕ್ಕೆ ಅಕ್ಕಪಕ್ಕದ ಹಲ್ಲುಗಳು ವಾಲಬಹುದು. ಆಗ ಬ್ರಿಜ್ (ಅಕ್ಕಪಕ್ಕದ ಹಲ್ಲುಗಳ ಆಧಾರದಲ್ಲಿ ಕೂರಿಸುವ ಕೃತಕ ಹಲ್ಲು) ಅಥವಾ ಇಂಪ್ಲಾಂಟ್‌ಗೆ (ದವಡೆಯ ಮೂಳೆಯಲ್ಲಿ ನೆಟ್ಟ ತಿರುಪಿನ ಮೇಲೆ ಕೂರಿಸುವ ಹಲ್ಲು) ಇನ್ನೂ ಹೆಚ್ಚು ತೆರಬೇಕಾದೀತು.

ಉಜ್ಜುವಾಗ ರಕ್ತ ಬಂದರೆ ಅಲ್ಲಿ ಉಜ್ಜುವುದನ್ನು ಬಿಡಬಾರದು. ಮೃದು ಬ್ರಷ್ಷಿನಿಂದ ಮುಂದುವರಿಸಿ, ಗಟ್ಟಿ ಪಾಚಿಯನ್ನು ವೈದ್ಯರಿಂದ ತೆಗೆಸಬೇಕು. ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂಬ ನಂಬಿಕೆ ತಪ್ಪು. ಒಸಡಿನ ರೋಗದಿಂದ ಮೊದಲೇ ಸಡಿಲವಾಗಿದ್ದ ಹಲ್ಲು, ಪಾಚಿಯ ಆಸರೆ ಹೋದಾಗ ಅರಿವಿಗೆ ಬರುತ್ತದೆ, ಅಷ್ಟೆ. ಕೋಲಾರ, ಪಾವಗಡದಂಥ ಕಡೆ ಕುಡಿಯುವ ನೀರಿನ ಫ್ಲೋರೈಡ್‌ನಿಂದ ಬರುವ ಕಂದು ಕಲೆ ಮಾತ್ರ ಕ್ಲೀನಿಂಗ್‌ನಿಂದ ಹೋಗುವುದಿಲ್ಲ. ಅದು ಎಳವೆಯಲ್ಲಿ ಹಲ್ಲು ರೂಪುಗೊಳ್ಳುವಾಗಲೇ ಮೂಡಿರುತ್ತದೆ.

ಮಕ್ಕಳಿಗೆ ಸುಮಾರು 6ನೇ ವಯಸ್ಸಿನಲ್ಲಿ ಹಾಲುಹಲ್ಲುಗಳ ಹಿಂದೆ ಬರುವ ದವಡೆ ಹಲ್ಲು ಶಾಶ್ವತವಾದದ್ದು. ಯಾವ ಹಲ್ಲೂ ಬೀಳದೆ ಅದು ಹುಟ್ಟುವುದರಿಂದ ತಂದೆತಾಯಂದಿರು ಹಾಲುಹಲ್ಲೆಂದು ತಿಳಿದು ಹುಳುಕನ್ನು ಅಲಕ್ಷಿಸುತ್ತಾರೆ.

ಮುಖ ಅಥವಾ ಕತ್ತು ಊದಿಕೊಂಡು ಜ್ವರ ಬಂದರೆ, ನುಂಗಲು ಇಲ್ಲವೆ ಉಸಿರಾಡಲು ಕಷ್ಟವಾದರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು. ತಂಬಾಕು, ಗುಟ್ಕಾ, ಅಡಿಕೆ ಜಗಿಯುವವರು ಬಾಯಿ ತೆರೆಯುವುದು ಕಡಿಮೆಯಾದರೆ ಅಥವಾ 2 ವಾರ ಕಳೆದರೂ ಹುಣ್ಣು ಮಾಯದಿದ್ದರೆ ಪರೀಕ್ಷೆ ಮಾಡಿಸಿಕೊಳ್ಳಲೇಬೇಕು. ಪೆಟ್ಟಾಗಿ ಶಾಶ್ವತ ಹಲ್ಲು ಬುಡಸಮೇತ ಕಳಚಿದರೆ ಬೇರನ್ನು ಮುಟ್ಟದೆ ಮೇಲ್ಭಾಗ ಹಿಡಿದೆತ್ತಿ, ಮಣ್ಣಿದ್ದರೆ ಮೆಲ್ಲಗೆ ತೊಳೆದು, ಸಾಧ್ಯವಾದರೆ ಅದೇ ಕುಳಿಯಲ್ಲಿ ಕೂರಿಸಿ, ಇಲ್ಲವೆ ತಣ್ಣನೆಯ ಹಾಲಿನಲ್ಲಿ ಹಾಕಿ, ಅರ್ಧ ಗಂಟೆಯೊಳಗೆ ದಂತವೈದ್ಯರ ಬಳಿ ತಲುಪಲು ಯತ್ನಿಸಿ.