ಹುಣಸೆ ಬೀಜದ ಕಡಲು: ಮೀನುಗಾರಿಕೆಯ ಮಿತಿಯನ್ನು ಮಕ್ಕಳಿಗೆ ಆಟದ ಮೂಲಕ ಕಲಿಸುವ ಬಗೆ

ಶಾಲೆಗಳಲ್ಲಿ ಕಡಲ ಸಂರಕ್ಷಣೆಯ ಪಾಠವು ಹೆಚ್ಚಾಗಿ ದಡದ ಪ್ಲಾಸ್ಟಿಕ್ ಹೆಕ್ಕುವುದರಲ್ಲಿ ಮುಗಿಯುತ್ತದೆ. ಯಾರೊಬ್ಬರ ಸ್ವತ್ತೂ ಅಲ್ಲದ ಮೀನು ಎಲ್ಲರ ಕಣ್ಣೆದುರೇ ಹೇಗೆ ಬರಿದಾಗುತ್ತದೆ ಎಂಬುದನ್ನು ಬರಿಯ ಮಾತಿನಲ್ಲಿ ತಿಳಿಸುವುದು ಕಷ್ಟ. ಆದರೆ ಒಂದು ಹರಿವಾಣವೂ ಒಂದು ಹಿಡಿ ಹುಣಸೆ ಬೀಜವೂ ಇದ್ದರೆ, ಹತ್ತು ವರ್ಷ ದಾಟಿದ ಮಕ್ಕಳು ಅದನ್ನು ತಾವಾಗಿಯೇ ಕಂಡುಕೊಳ್ಳುತ್ತಾರೆ.

ನಾಲ್ವರನ್ನು ಹರಿವಾಣದ ಸುತ್ತ ಕೂರಿಸಿ, ಅದರಲ್ಲಿ 16 ಬೀಜಗಳನ್ನು ಹಾಕಿ. ಬೀಜಗಳು ಬೂತಾಯಿ ಮೀನು, ಪ್ರತಿ ಮಗುವೂ ಒಂದು ದೋಣಿಯ ಒಡೆಯ. ಒಂದು ಋತುವಿನಲ್ಲಿ ಪ್ರತಿಯೊಬ್ಬರೂ 1ರಿಂದ 4 ಬೀಜಗಳವರೆಗೆ ತೆಗೆಯಬಹುದು. ಋತು ಮುಗಿದಾಗ ಉಳಿದ ಬೀಜಗಳನ್ನು ನೀವು ಇಮ್ಮಡಿ ಮಾಡಬೇಕು, ಆದರೆ ಒಟ್ಟು 16ನ್ನು ಮೀರಬಾರದು. ಆರು ಋತುಗಳ ಕೊನೆಗೆ ಹೆಚ್ಚು ಬೀಜವುಳ್ಳವರು ಗೆದ್ದಂತೆ. ಮೊದಲ ಸುತ್ತಿನಲ್ಲಿ ಮಕ್ಕಳು ಪರಸ್ಪರ ಮಾತನಾಡಕೂಡದು.

ಎಲ್ಲರೂ ಮೂರು ಮೂರು ತೆಗೆದರೆ ಉಳಿಯುವುದು ನಾಲ್ಕು, ಅದು ಎಂಟಾಗುತ್ತದೆ. ಮುಂದಿನ ಋತುವಿನಲ್ಲಿ ಎರಡೆರಡು ತೆಗೆದರೂ ಕಡಲು ಖಾಲಿ, ಒಬ್ಬೊಬ್ಬರಿಗೆ ದಕ್ಕಿದ್ದು ಐದೇ ಬೀಜ. ಆರಂಭದಿಂದಲೇ ಎರಡೆರಡಕ್ಕೆ ನಿಂತಿದ್ದರೆ ಆರು ಋತುಗಳಿಗೆ ತಲಾ 12 ದಕ್ಕುತ್ತಿತ್ತು, ಕಡಲೂ ತುಂಬಿಯೇ ಇರುತ್ತಿತ್ತು. ದಯವಿಟ್ಟು ಈ ಲೆಕ್ಕವನ್ನು ಮೊದಲೇ ಹೇಳಬೇಡಿ. ಹರಿವಾಣ ಬರಿದಾದ ಮೇಲೆ ಮಕ್ಕಳು ಒಬ್ಬರನ್ನೊಬ್ಬರು ದೂರುವ ಆ ಕೆಲವು ನಿಮಿಷಗಳಲ್ಲೇ ನಿಜವಾದ ಕಲಿಕೆ ನಡೆಯುತ್ತದೆ. ಎರಡನೆಯ ಸುತ್ತಿನಲ್ಲಿ ಮಾತುಕತೆಗೆ ಅವಕಾಶ ಕೊಟ್ಟು, ಒಪ್ಪಂದವನ್ನೂ ಅದನ್ನು ಮುರಿದವರಿಗೆ ದಂಡವನ್ನೂ ಅವರೇ ಗೊತ್ತುಮಾಡಲಿ.

ಆ ಬಳಿಕವೇ ನಮ್ಮ ಕರಾವಳಿಯ ನಿಯಮವನ್ನು ಪ್ರಸ್ತಾಪಿಸಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ಬೋಟುಗಳು ಕಡಲಿಗಿಳಿಯುವಂತಿಲ್ಲ, ಏಕೆಂದರೆ ಅನೇಕ ಮೀನುಗಳು ಮೊಟ್ಟೆಯಿಡುವ ಕಾಲವದು. ಸಾಂಪ್ರದಾಯಿಕ ನಾಡದೋಣಿಗಳಿಗೆ ಮಾತ್ರ ವಿನಾಯಿತಿಯಿದೆ. ಈ ವಿನಾಯಿತಿ ಏಕೆ ನ್ಯಾಯ ಎಂಬ ಪ್ರಶ್ನೆಯನ್ನು ಮಕ್ಕಳ ಮುಂದಿಡಿ. ಮೀನುಗಾರರ ಮನೆಯ ಮಕ್ಕಳು ತರಗತಿಯಲ್ಲಿದ್ದರೆ ಅವರ ಮಾತಿಗೆ ಮೊದಲ ಸ್ಥಾನವಿರಲಿ, ಅವರ ಕಸುಬು ಅಪರಾಧವೆಂಬ ಭಾವನೆ ಎಳ್ಳಷ್ಟೂ ಬರದಂತೆ ನೋಡಿಕೊಳ್ಳಿ.

ಬಲೆಯ ಕಣ್ಣಿನ ಗಾತ್ರವನ್ನು ತಿಳಿಸಲು ಕಡಲೆ ಮತ್ತು ಹೆಸರು ಕಾಳುಗಳನ್ನು ಬೆರೆಸಿ, ಎರಡು ಬಗೆಯ ಜರಡಿಗಳನ್ನು ಕೊಡಿ. ಕಡಲೆ ಬೆಳೆದ ಮೀನು, ಹೆಸರು ಮರಿ. ಜರಡಿಯಿಂದ ಪಾರಾದ ಪ್ರತಿ ಹೆಸರು ಕಾಳಿನ ಬದಲಿಗೆ ಮುಂದಿನ ಸರದಿಯಲ್ಲಿ ಒಂದು ಕಡಲೆ ಹಾಕಿದರೆ, ಸಣ್ಣ ಕಣ್ಣಿನ ಬಲೆ ನಾಳೆಯ ಮೀನನ್ನು ಇಂದೇ ಬಾಚುತ್ತದೆ ಎಂಬುದು ತಾನಾಗಿ ಹೊಳೆಯುತ್ತದೆ. ಕೇರಳದಲ್ಲಿ ಬೂತಾಯಿಗೆ 10 ಸೆಂಟಿಮೀಟರ್, ಬಂಗುಡೆಗೆ 14 ಸೆಂಟಿಮೀಟರ್ ಕನಿಷ್ಠ ಉದ್ದವೆಂದು ನಿಗದಿಯಾಗಿದೆ. ಆ ಅಳತೆಯ ಮೀನುಗಳನ್ನು ರಟ್ಟಿನಲ್ಲಿ ಕತ್ತರಿಸಿ ಕೊಟ್ಟು, ಮನೆಗೆ ತಂದ ಮೀನಿನೊಡನೆ ಹೋಲಿಸಿ ನೋಡಲು ಹೇಳಬಹುದು.

ಒಂದು ದಿನಕ್ಕೆ ಒಂದೇ ಆಟ ಸಾಕು, ಆಡಿದಷ್ಟೇ ಹೊತ್ತನ್ನು ಚರ್ಚೆಗೂ ಮೀಸಲಿಡಿ. ತೀರ ಚಿಕ್ಕ ಮಕ್ಕಳು ಕಾಳುಗಳನ್ನು ಬಾಯಿಗೂ ಮೂಗಿಗೂ ಹಾಕಿಕೊಳ್ಳುವ ಅಪಾಯವಿರುವುದರಿಂದ ಅವರಿಗೆ ರಟ್ಟಿನ ದೊಡ್ಡ ಮೀನುಗಳನ್ನೇ ಕೊಡಿ.