ಜಿಪಿ ಸರ್ಜರಿಯಲ್ಲಿ ಹೆಸರು ಬರೆಸುವ ಮೊದಲು: ಇಂಗ್ಲೆಂಡಿಗೆ ಹೊಸದಾಗಿ ಬಂದವರಿಗೆ

ಇಂಗ್ಲೆಂಡಿನಲ್ಲಿ ‘ಸರ್ಜರಿ’ ಅಂದರೆ ಬರೀ ಆಪರೇಷನ್ ಅಲ್ಲ, ನಿಮ್ಮ ಬಡಾವಣೆಯ ಸಾಮಾನ್ಯ ಡಾಕ್ಟರ, ಅಂದರೆ ಜಿಪಿಯ, ಕ್ಲಿನಿಕ್ಕಿಗೂ ಅದೇ ಹೆಸರು. ಬಿಪಿ, ಶುಗರ್ ಮಾತ್ರೆಗೆ, ಮಕ್ಕಳ ಲಸಿಕೆಗೆ, ಸ್ಪೆಷಲಿಸ್ಟ್ ಹತ್ತಿರ ಕಳಿಸುವ ಚೀಟಿಗೆ ಸಾಮಾನ್ಯವಾಗಿ ಎಲ್ಲಕ್ಕೂ ಇದೊಂದೇ ಬಾಗಿಲು. ಮನೆಗೆ ಹತ್ತಿರ ಅನ್ನುವ ಒಂದೇ ಕಾರಣಕ್ಕೆ ಹೆಸರು ಬರೆಸಬೇಡಿ. ಮೊದಲು ಅರ್ಧ ಗಂಟೆ ಕೂತು ಅಲ್ಲಿನ ತಪಾಸಣಾ ವರದಿ ಓದಿ.

ತಪಾಸಣೆ ಮಾಡುವುದು ಆರೋಗ್ಯ ಸೇವೆಗಳ ಮೇಲೆ ಕಣ್ಣಿಡುವ ಕೇರ್ ಕ್ವಾಲಿಟಿ ಕಮಿಷನ್, ಎಲ್ಲರ ಬಾಯಲ್ಲಿ ಸಿಕ್ಯೂಸಿ. 2013ರ ಏಪ್ರಿಲ್‌ನಿಂದ ಇಂಗ್ಲೆಂಡಿನ ಜಿಪಿ ಪ್ರಾಕ್ಟೀಸ್‌ಗಳು (ಅಂದರೆ ಈ ಸರ್ಜರಿಗಳು) ಅದರಲ್ಲಿ ನೋಂದಣಿ ಆಗಿರಲೇಬೇಕು. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗಳಲ್ಲಿ ಬೇರೆ ವ್ಯವಸ್ಥೆ ಇದೆ, ಅಲ್ಲಿರುವವರಿಗೆ ಇದು ಅನ್ವಯಿಸದು. ಸಿಕ್ಯೂಸಿ ಜಾಲತಾಣದಲ್ಲಿ ನಿಮ್ಮ ಪೋಸ್ಟ್‌ಕೋಡ್ ಹಾಕಿದರೆ ಸುತ್ತಲಿನ ಸರ್ಜರಿಗಳೆಲ್ಲ ಬರುತ್ತವೆ. ರೇಟಿಂಗ್ ಮೇಲಿಂದ ಕೆಳಕ್ಕೆ ನಾಲ್ಕು ಬಗೆ: ಔಟ್‌ಸ್ಟ್ಯಾಂಡಿಂಗ್ (ಅತ್ಯುತ್ತಮ), ಗುಡ್ (ಚೆನ್ನಾಗಿದೆ), ರಿಕ್ವೈರ್ಸ್ ಇಂಪ್ರೂವ್‌ಮೆಂಟ್ (ಸುಧಾರಿಸಬೇಕು), ಇನ್‌ಅಡಿಕ್ವೇಟ್ (ಸಾಲದು). ಸೇಫ್ (ಸುರಕ್ಷಿತವೇ), ಎಫೆಕ್ಟಿವ್ (ಚಿಕಿತ್ಸೆ ಫಲ ಕೊಡುತ್ತದೆಯೇ), ಕೇರಿಂಗ್ (ಕಾಳಜಿ ಇದೆಯೇ), ರೆಸ್ಪಾನ್ಸಿವ್ (ಜನರ ಅಗತ್ಯಕ್ಕೆ ಸ್ಪಂದಿಸುತ್ತದೆಯೇ), ವೆಲ್-ಲೆಡ್ (ಆಡಳಿತ ಚೆನ್ನಾಗಿದೆಯೇ) ಎಂಬ ಐದು ಪ್ರಶ್ನೆಗಳಿಗೆ ಬಿಡಿಬಿಡಿಯಾಗಿ ರೇಟಿಂಗ್ ಕೊಟ್ಟು, ಮೇಲೆ ಒಟ್ಟು ರೇಟಿಂಗ್ ಹಾಕುತ್ತಾರೆ.

ಒಟ್ಟು ರೇಟಿಂಗ್ ‘ಗುಡ್’ ಅಂತ ಕಂಡ ಕೂಡಲೇ ನಿಶ್ಚಿಂತರಾಗಬೇಡಿ, ತಪಾಸಣೆಯ ತಾರೀಖು ನೋಡಿ. ಐದಾರು ವರ್ಷ ಹಳೆಯ ರೇಟಿಂಗ್ ಇನ್ನೂ ಚಾಲ್ತಿಯಲ್ಲಿರುವುದು ಇಲ್ಲಿ ಅಪರೂಪವಲ್ಲ. ಅಷ್ಟರಲ್ಲಿ ಹಿರಿಯ ಡಾಕ್ಟರು ನಿವೃತ್ತರಾಗಿರಬಹುದು, ಸರ್ಜರಿ ಇನ್ನೊಂದರ ಜೊತೆ ವಿಲೀನವಾಗಿರಬಹುದು. ಒಟ್ಟು ‘ಗುಡ್’ ಇದ್ದೂ ‘ಸೇಫ್’ ಒಂದರಲ್ಲಿ ಮಾತ್ರ ಕೆಳಗಿನ ರೇಟಿಂಗ್ ಇರುವುದೂ ಉಂಟು. ನಮ್ಮ ಪ್ರಕಾರ ವರದಿಯಲ್ಲಿ ಮೊದಲು ಓದಬೇಕಾದದ್ದು ಆ ‘ಸೇಫ್’ ಭಾಗವನ್ನೇ.

ಅದರಲ್ಲಿ ಹುಡುಕಬೇಕಾದ ಮುಖ್ಯ ಸಂಗತಿ ಔಷಧಿಗಳ ಮೇಲಿನ ನಿಗಾ. ತಪಾಸಣೆ ತಂಡದ ಡಾಕ್ಟರು ಸರ್ಜರಿಯ ಕಂಪ್ಯೂಟರ್ ದಾಖಲೆಗಳನ್ನೇ ಜಾಲಾಡುತ್ತಾರೆ. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ನೋಡಿ. ವಾರಕ್ಕೊಮ್ಮೆ ಮಾತ್ರ ತಗೊಳ್ಳುವ ಮಾತ್ರೆ ಅದು. ಲಿವರ್, ಮೂಳೆಮಜ್ಜೆ ಎರಡಕ್ಕೂ ಹಾನಿ ಮಾಡಬಲ್ಲದು, ಆದ್ದರಿಂದ ಡೋಸ್ ಹೊಂದಿಕೊಂಡ ಮೇಲೂ ಸಾಮಾನ್ಯವಾಗಿ ಸುಮಾರು ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಆಗಬೇಕು. ರಿಪೋರ್ಟ್ ನೋಡದೆ ಚೀಟಿ ಬರೆದುಕೊಡುತ್ತಾ ಹೋಗಿದ್ದರೆ ವರದಿಯಲ್ಲಿ ಅದು ಬರುತ್ತದೆ. ಹಾಗೆಯೇ ವರ್ಷದಲ್ಲಿ ಹನ್ನೆರಡಕ್ಕಿಂತ ಹೆಚ್ಚು ನೀಲಿ ಇನ್‌ಹೇಲರ್ (ಉಸಿರು ಕಟ್ಟಿದಾಗ ತಕ್ಷಣದ ಉಪಶಮನಕ್ಕೆ ಎಳೆಯುವುದು) ಪಡೆದ ಆಸ್ತಮಾ ರೋಗಿಗಳನ್ನು ಯಾರಾದರೂ ಕರೆದು ವಿಚಾರಿಸಿದ್ದಾರೆಯೇ ಎಂದೂ ನೋಡುತ್ತಾರೆ. ಅಷ್ಟು ಬೇಕಾಗುತ್ತಿದೆ ಅಂದರೆ ಆಸ್ತಮಾ ಹತೋಟಿಯಲ್ಲಿಲ್ಲ ಎಂದರ್ಥ. ನಮ್ಮವರು ವಿಶೇಷವಾಗಿ ಗಮನಿಸಬೇಕಾದದ್ದು ಮಧುಮೇಹದ ಸಾಲು. ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತ ಪರೀಕ್ಷೆ) 48, ಅಂದರೆ ನಮ್ಮೂರ ಲೆಕ್ಕದಲ್ಲಿ ಶೇ. 6.5, ಅಥವಾ ಅದಕ್ಕಿಂತ ಮೇಲೆ ಬಂದಿದ್ದರೂ ಕಡತದಲ್ಲಿ ಮಧುಮೇಹ ಎಂದು ದಾಖಲಾಗದೆ ಉಳಿದವರಿದ್ದಾರೆಯೇ ಎಂದು ಹುಡುಕುತ್ತಾರೆ. ದಕ್ಷಿಣ ಏಷ್ಯಾದವರಿಗೆ ಈ ಕಾಯಿಲೆ ಬೇಗ ಬರುವುದರಿಂದ ಇಂಥ ತಪ್ಪಿನ ಪೆಟ್ಟು ನಮಗೇ ಹೆಚ್ಚು.

ಇನ್ನೊಂದು, ಲಸಿಕೆಯ ಫ್ರಿಜ್. ಅದರ ಉಷ್ಣಾಂಶ 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗಿರಬೇಕು, ಕೆಲಸದ ದಿನಗಳಲ್ಲಿ ಪ್ರತಿದಿನವೂ ಕನಿಷ್ಠ, ಗರಿಷ್ಠ ಎರಡನ್ನೂ ಬರೆದಿಡಬೇಕು. ಎಡವುವುದು ಬರೆಯುವುದರಲ್ಲಲ್ಲ. ಪುಸ್ತಕದಲ್ಲಿ 11 ಡಿಗ್ರಿ ಅಂತ ನೀಟಾಗಿ ಬರೆದಿರುತ್ತದೆ, ಆಮೇಲೆ ಏನು ಮಾಡಿದರು ಅನ್ನುವ ಕಾಲಂ ಖಾಲಿ. ಕೆಟ್ಟ ಲಸಿಕೆಯನ್ನು ಕಣ್ಣಲ್ಲಿ ನೋಡಿ ಗುರುತಿಸಲಾಗದು. ಮಗುವಿಗೆ ಚುಚ್ಚಿದ್ದಾಯಿತು, ರಕ್ಷಣೆ ಮಾತ್ರ ಸಿಗಲಿಲ್ಲ ಅನ್ನುವ ಸ್ಥಿತಿ ಹೀಗೇ ಬರುತ್ತದೆ. ತುರ್ತಿಗೆ ಬೇಕಾದ ಆಕ್ಸಿಜನ್, ಡಿಫಿಬ್ರಿಲೇಟರ್ (ನಿಂತ ಹೃದಯಕ್ಕೆ ಶಾಕ್ ಕೊಡುವ ಯಂತ್ರ), ತೀವ್ರ ಅಲರ್ಜಿಗೆ ಚುಚ್ಚುವ, ಅವಧಿ ಮೀರದ ಅಡ್ರಿನಲಿನ್ ಇವೆಯೇ ಎಂಬುದೂ ಅದೇ ಭಾಗದಲ್ಲಿರುತ್ತದೆ.

ಅಂಕಿಗಳನ್ನು ಸ್ವಲ್ಪ ತಾಳ್ಮೆಯಿಂದ ಓದಿ. ಮಕ್ಕಳ ಲಸಿಕೆಗೆ ಕನಿಷ್ಠ ಗುರಿ ಶೇ. 90, ಗರ್ಭಕಂಠದ ಕ್ಯಾನ್ಸರ್ ತಪಾಸಣೆಗೆ ಶೇ. 80. ಬಾಡಿಗೆಗೆ ಬಂದು ಹೋಗುವವರೇ ಹೆಚ್ಚಿರುವ ಪ್ರದೇಶದಲ್ಲಿ ಇವು ಕಮ್ಮಿ ಇರುವುದು ಸಹಜ. ಫೋನ್ ಮಾಡಿ ಕರೆಸುತ್ತಾರೆಯೇ, ಸಂಜೆ ಅಥವಾ ಶನಿವಾರ ಸಮಯ ಕೊಡುತ್ತಾರೆಯೇ ಎಂಬುದನ್ನು ನೋಡಿ ತೀರ್ಮಾನಿಸಿ. ಫೋನ್ ಸಿಗುವುದೇ ಕಷ್ಟವೇ ಎಂದು ತಿಳಿಯಲು ಪ್ರತಿವರ್ಷ ಬರುವ ಜಿಪಿ ಪೇಷಂಟ್ ಸರ್ವೆಯಲ್ಲಿ ಆ ಸರ್ಜರಿಯ ಹೆಸರು ಹಾಕಿ ನೋಡಬಹುದು.

ಆಮೇಲೆ ಒಮ್ಮೆ ಹೋಗಿಬನ್ನಿ. ಸಿಕ್ಯೂಸಿ ರೇಟಿಂಗ್ ಜನರಿಗೆ ಕಾಣುವ ಕಡೆ ಹಾಕಿರಬೇಕು, ಅದು ಕಾನೂನು. ರಿಸೆಪ್ಷನ್‌ನಲ್ಲಿ ಒಬ್ಬರ ಕಾಯಿಲೆ ಸಾಲಿನಲ್ಲಿ ನಿಂತವರಿಗೆಲ್ಲ ಕೇಳಿಸುತ್ತಿದೆಯೇ? ಪರೀಕ್ಷೆಯ ವೇಳೆ ಜೊತೆಗೆ ಒಬ್ಬರು ಬೇಕಿದ್ದರೆ ಕೇಳಿ ಎನ್ನುವ ಶಾಪರೋನ್ ಸೂಚನೆ ಗೋಡೆಯ ಮೇಲಿದೆಯೇ? ಊರಿಂದ ಬಂದ ಅಪ್ಪ ಅಮ್ಮನಿಗೆ ಇಂಗ್ಲಿಷ್ ಬಾರದಿದ್ದರೆ ಕನ್ನಡದ ದುಭಾಷಿಯನ್ನು ಕೇಳಿ. ಹೆಚ್ಚಾಗಿ ಫೋನಿನಲ್ಲೇ ಒದಗಿಸುತ್ತಾರೆ, ಅದಕ್ಕೆ ದುಡ್ಡಿಲ್ಲ. ಮೊಮ್ಮಕ್ಕಳನ್ನು ಮಧ್ಯೆ ನಿಲ್ಲಿಸಿ ಕಾಯಿಲೆ ವಿವರಿಸಬೇಡಿ, ಮಾತ್ರೆಯ ಪ್ರಮಾಣ ತಪ್ಪಾಗುವುದು ಅಲ್ಲೇ.

ನೋಂದಣಿ ಉಚಿತ. ವಿಳಾಸದ ಪುರಾವೆ, ಪಾಸ್‌ಪೋರ್ಟ್, ವೀಸಾ ಕೇಳಬಹುದು, ಆದರೆ ಇಲ್ಲ ಎಂಬ ಕಾರಣಕ್ಕೆ ನಿರಾಕರಿಸುವಂತಿಲ್ಲ. ತಮ್ಮ ವ್ಯಾಪ್ತಿಗೆ ಹೊರಗಿದ್ದೀರಿ ಅಥವಾ ಹೊಸಬರನ್ನು ತಗೊಳ್ಳುತ್ತಿಲ್ಲ ಎನ್ನಬಹುದು, ಆಗ ಕಾರಣ ಬರವಣಿಗೆಯಲ್ಲಿ ಕೇಳಿ ಪಡೆಯಿರಿ.

ತೊಂದರೆಯಾದರೆ ದೂರನ್ನು 12 ತಿಂಗಳೊಳಗೆ ಪ್ರಾಕ್ಟೀಸ್ ಮ್ಯಾನೇಜರಿಗೆ ಕೊಡಿ. ಅವರಿಗೆ ಕೊಡಲು ಇಷ್ಟವಿಲ್ಲದಿದ್ದರೆ ನಿಮ್ಮ ಪ್ರದೇಶದ ಸರ್ಕಾರಿ ಆರೋಗ್ಯ ಸೇವೆಯನ್ನು ನೋಡಿಕೊಳ್ಳುವ ಮಂಡಳಿ, ಇಂಟಿಗ್ರೇಟೆಡ್ ಕೇರ್ ಬೋರ್ಡಿಗೆ ಕೊಡಬಹುದು. ಉತ್ತರ ಒಪ್ಪಿಗೆಯಾಗದಿದ್ದರೆ ಮುಂದಿನದು ಒಂಬುಡ್ಸ್‌ಮನ್, ಅಂದರೆ ಇಂಥ ದೂರುಗಳನ್ನು ಸ್ವತಂತ್ರವಾಗಿ ವಿಚಾರಿಸುವ ಅಧಿಕಾರಿ. ಸಿಕ್ಯೂಸಿ ನಿಮ್ಮೊಬ್ಬರ ದೂರನ್ನು ಬಗೆಹರಿಸುವುದಿಲ್ಲ, ಆದರೂ ಅಲ್ಲಿಗೂ ಬರೆಯಿರಿ. ಮುಂದಿನ ತಪಾಸಣೆ ಯಾವಾಗ, ಏನನ್ನು ನೋಡಬೇಕು ಅನ್ನುವುದಕ್ಕೆ ಇಂಥ ಪತ್ರಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ.

ಸರ್ಜರಿ ಬದಲಾಯಿಸಲು ಹಳೆಯವರ ಅನುಮತಿ ಬೇಡ. ಹೊಸ ಕಡೆ ಹೆಸರು ಬರೆಸಿದರೆ ಕಡತ ತಾನಾಗಿ ಬರುತ್ತದೆ, ಆದರೆ ಅದಕ್ಕೆ ಒಂದಿಷ್ಟು ದಿನ ಹಿಡಿಯಬಹುದು. ದಿನವೂ ಮಾತ್ರೆ ತಗೊಳ್ಳುವವರು ಬದಲಾಯಿಸುವ ಮುಂಚೆಯೇ ಮುಂದಿನ ತಿಂಗಳಿನ ಔಷಧಿ ತರಿಸಿಟ್ಟುಕೊಂಡು, ರಿಪೀಟ್ ಚೀಟಿಯ (ಪದೇ ಪದೇ ಬೇಕಾಗುವ ಔಷಧಿಗೆ ಕೊಡುವ ಚೀಟಿ) ಬಲಭಾಗವನ್ನು ಹೊಸ ಸರ್ಜರಿಗೆ ಒಯ್ಯಿರಿ. ಔಷಧಿಯ ಹೆಸರು, ಪ್ರಮಾಣ ಅದರಲ್ಲಿ ಅಚ್ಚಾಗಿರುತ್ತದೆ.