ಪಾಠ ಬಸ್ಸಿನಲ್ಲಿ, ಮಾತು ಕ್ಲಾಸಿನಲ್ಲಿ

ಕಾಸರಗೋಡಿನ ಒಂದು ಕಾಲೇಜಿನಲ್ಲಿ ನಾನು ಪದವಿಯ ಮೊದಲ ವರ್ಷದವರಿಗೆ ಇಂಗ್ಲಿಷ್ ಕಲಿಸುತ್ತೇನೆ. ಕ್ಲಾಸಿನಲ್ಲಿ ಮಲಯಾಳದ ಮಕ್ಕಳೇ ಜಾಸ್ತಿ. ಉಳಿದವರು ಮಂಜೇಶ್ವರ, ಬದಿಯಡ್ಕ, ಪೆರ್ಲ ಕಡೆಯಿಂದ ಬರುವ ಕನ್ನಡ ಮಾಧ್ಯಮದವರು. ವ್ಯಾಕರಣ ತಲೆಗೆ ಹೋಗದಿದ್ದಾಗ ನಾನು ಮಲಯಾಳದಲ್ಲಿ ಬಿಡಿಸಿ ಹೇಳುತ್ತಿದ್ದೆ. ಆಗ ಕನ್ನಡದ ಮಕ್ಕಳು ಸುಮ್ನೆ ತಲೆ ಆಡಿಸುತ್ತಿದ್ದರು. ಅವರಿಗೆ ಅರ್ಥವಾಗಿಲ್ಲ ಅಂತ ನನಗೆ ಗೊತ್ತಾಗುತ್ತಿತ್ತು. ಆದರೆ ಒಂದು ಗಂಟೆಯಲ್ಲಿ ಎರಡು ಭಾಷೆಯಲ್ಲಿ ಪಾಠ ಮಾಡಿದರೆ ಮಕ್ಕಳು ಇಂಗ್ಲಿಷ್ ಮಾತಾಡುವುದು ಯಾವಾಗ?

ಫ್ಲಿಪ್ಡ್ ಕ್ಲಾಸ್‌ರೂಮ್ ನನ್ನ ಕೈ ಹಿಡಿದದ್ದು ಇಲ್ಲಿ. ಪಾಠವನ್ನು ಮಕ್ಕಳು ಮೊದಲೇ ಕೇಳಿ ಬರಬೇಕು, ಹೋಮ್‌ವರ್ಕ್ ಕ್ಲಾಸಿನಲ್ಲಿ ಆಗಬೇಕು, ಅಷ್ಟೇ. 2007ರಲ್ಲಿ ಅಮೆರಿಕದ ಕೊಲೊರಾಡೊದಲ್ಲಿ ಜೊನಾಥನ್ ಬರ್ಗ್‌ಮನ್, ಆರನ್ ಸ್ಯಾಮ್ಸ್ ಎಂಬ ಇಬ್ಬರು ಕೆಮಿಸ್ಟ್ರಿ ಮೇಷ್ಟ್ರುಗಳು ಕ್ಲಾಸು ತಪ್ಪಿದ ಮಕ್ಕಳಿಗಾಗಿ ಪಾಠ ರೆಕಾರ್ಡ್ ಮಾಡಲು ಶುರುಮಾಡಿದ್ದರು. ಅವರ ಕಷ್ಟ ಬೇರೆ, ನನ್ನದು ಬೇರೆ. ರೆಕಾರ್ಡ್ ಮಾಡುವುದಾದರೆ ಒಂದೇ ಪಾಠವನ್ನು ಕನ್ನಡದಲ್ಲೊಂದು, ಮಲಯಾಳದಲ್ಲೊಂದು ಮಾಡಬಹುದಲ್ವಾ?

ಮೊದಲನೇ ವಿಡಿಯೋ ಇಪ್ಪತ್ತೆರಡು ನಿಮಿಷ ಬಂತು. ನೋಡಿದವರು ನಾಲ್ಕೇ ಜನ. ಗುಡ್ಡದ ಕಡೆಯವರಿಗೆ ಮಳೆಗಾಲದಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಆಮೇಲೆ ವಿಡಿಯೋ ಬಿಟ್ಟು ವಾಟ್ಸಾಪಿನಲ್ಲಿ ಐದು ನಿಮಿಷದ ಆಡಿಯೋ ಕಳಿಸಿದೆ. ಜೊತೆಗೆ ಬೋರ್ಡಿನ ಒಂದು ಫೋಟೋ. ಕಾಲೇಜಿನ ವೈಫೈಯಲ್ಲಿ ಇಳಿಸಿಕೊಂಡು ಬಸ್ಸಿನಲ್ಲಿ, ರೈಲಿನಲ್ಲಿ ಕೇಳಿಕೊಂಡು ಹೋಗುತ್ತಾರೆ.

ಒಂದು ಉದಾಹರಣೆ ಹೇಳುತ್ತೇನೆ. ‘ಐ ಡಿಡ್ ನಾಟ್ ವೆಂಟ್’ ಎಂಬ ತಪ್ಪು ಎಲ್ಲರದ್ದೂ. ಕನ್ನಡದ ಆಡಿಯೋದಲ್ಲಿ ನಾನು ಕೇಳಿದ್ದು ಒಂದೇ ಪ್ರಶ್ನೆ: ನಾವು ‘ಹೋದೆ’ ಅನ್ನುತ್ತೇವೆ, ‘ಹೋಗಲಿಲ್ಲ’ ಅನ್ನುತ್ತೇವೆ. ಯಾರಾದರೂ ‘ಹೋದಲಿಲ್ಲ’ ಅಂತಾರಾ? ಇಲ್ಲ. ‘ಲಿಲ್ಲ’ ಬಂದ ಮೇಲೆ ಕಳೆದ ಕಾಲ ಅದರಲ್ಲೇ ಇದೆ, ‘ಹೋಗು’ ಹಾಗೇ ಉಳಿಯುತ್ತದೆ. ಇಂಗ್ಲಿಷಿನಲ್ಲೂ ‘ಡಿಡ್’ ಬಂದ ಮೇಲೆ ‘ಗೋ’ ಹಾಗೇ ಉಳಿಯುತ್ತದೆ. ಮಲಯಾಳದಲ್ಲಿ ಈ ದಾರಿ ನಡೆಯುವುದಿಲ್ಲ. ಅಲ್ಲಿ ‘ಪೋಯಿ’ ಅಂದರೆ ಹೋದೆ, ‘ಪೋಯಿಲ್ಲ’ ಅಂದರೆ ಹೋಗಲಿಲ್ಲ. ಕಳೆದ ಕಾಲದ ರೂಪಕ್ಕೇ ‘ಇಲ್ಲ’ ಸೇರುತ್ತದೆ. ಹಾಗಾಗಿ ಅವರ ಆಡಿಯೋವನ್ನು ಬೇರೆಯೇ ಯೋಚಿಸಿ ಮಾಡಬೇಕಾಯಿತು. ಇಷ್ಟು ವರ್ಷ ಒಂದೇ ವಿವರಣೆಯನ್ನು ಎಲ್ಲರಿಗೂ ಉಣಿಸಿದೆನಲ್ಲ ಅಂತ ಆವತ್ತು ತುಂಬಾ ಬೇಜಾರಾಯಿತು.

ಆಡಿಯೋ ಕೇಳಿದವರು ಅರ್ಥವಾಗದ ಒಂದು ವಿಷಯವನ್ನು ಚೀಟಿಯಲ್ಲಿ ಬರೆದು ತರಬೇಕು. ಅದನ್ನು ನೋಡಿಯೇ ನಾನು ಕ್ಲಾಸಿಗೆ ಹೋಗುವುದು. ಕೇಳದೆ ಬಂದವರಿಗೆ ಬೈಯುವುದಿಲ್ಲ. ಹಿಂದಿನ ಬೆಂಚಿನಲ್ಲಿ ಕೂತು ಇಯರ್‌ಫೋನ್ ಹಾಕಿ ಕೇಳಿ ಮುಗಿಸಿ, ಆಮೇಲೆ ಸೇರಿಕೊಳ್ಳಲಿ. ಉಳಿದ ಹೊತ್ತು ಪೂರ್ತಿ ಇಬ್ಬಿಬ್ಬರ ಮಾತು. ಆದಷ್ಟು ಮಟ್ಟಿಗೆ ಒಬ್ಬರು ಕನ್ನಡದವರಾದರೆ ಇನ್ನೊಬ್ಬರು ಮಲಯಾಳದವರು. ಇಬ್ಬರ ನಡುವೆ ಇಂಗ್ಲಿಷ್ ಬಿಟ್ಟರೆ ಬೇರೆ ಸುಲಭದ ದಾರಿ ಇರಬಾರದು ಅಂತಲೇ ಹಾಗೆ ಕೂರಿಸುತ್ತೇನೆ. ನಾನು ಬೆಂಚಿನಿಂದ ಬೆಂಚಿಗೆ ಹೋಗುತ್ತೇನೆ. ಕ್ಲಾಸು ಗಲಾಟೆಯಾಗುತ್ತದೆ, ಆಗಲಿ.

ಪೆರ್ಲ ಕಡೆಯ ಒಬ್ಬಳು ಹುಡುಗಿ ಮೂರು ತಿಂಗಳು ಬಾಯಿ ಬಿಟ್ಟಿರಲಿಲ್ಲ. ಒಂದು ದಿನ ಅವಳ ಬೆಂಚಿನ ಪಕ್ಕ ನಿಂತಿದ್ದೆ. ‘ಮೈ ಬ್ರದರ್ ಡಿಡ್ ನಾಟ್…’ ಅಂತ ಶುರುಮಾಡಿ ನಿಲ್ಲಿಸಿದಳು. ತುಟಿಯಲ್ಲೇ ‘ಹೋಗಲಿಲ್ಲ’ ಅಂದುಕೊಂಡಳು. ಆಮೇಲೆ ‘ಗೋ’ ಅಂದಳು. ಪಕ್ಕದ ಮಲಯಾಳದ ಹುಡುಗಿ ಅವಳ ಮುಖ ನೋಡಿ ನನ್ನ ಕಡೆ ತಿರುಗಿದಳು. “ಟೀಚರ್, ವಾಟ್ ಈಸ್ ಹೋಗಲಿಲ್ಲ?” ಉತ್ತರವನ್ನು ಇಂಗ್ಲಿಷಿನಲ್ಲೇ ಹೇಳಿಕೊಡು ಅಂತ ಪೆರ್ಲದವಳಿಗೇ ಬಿಟ್ಟೆ. ಬೆಲ್ಲಾದ ಮೇಲೂ ಇಬ್ಬರೂ ಅಲ್ಲೇ ಕೂತಿದ್ದರು.